ಗಾಳಿ ಏರಿದರೆ ಪೆಡಲ್ ಕಯಾಕ್ ಗಾಳಿಗೇ ಮೂತಿ ತಿರುಗಿಸುತ್ತದೆ, ರಡ್ಡರ್ (ಚುಕ್ಕಾಣಿ) ಹಿಡಿದು ಕೈ ಸೋತಿದೆ

ಕೆರೆದಂಡೆ, ಮೈಸೂರು:

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಸೆಕೆಂಡ್ ಹ್ಯಾಂಡ್‌ನಲ್ಲಿ 14 ಅಡಿಯ ಪೆಡಲ್ ಕಯಾಕ್ ತಗೊಂಡೆ. ಕಾಲಲ್ಲಿ ತುಳಿದರೆ ಕೆಳಗೆ ಎರಡು ಫಿನ್ (ಮೀನಿನ ರೆಕ್ಕೆಯಂಥ ಪಟ್ಟಿ) ಅತ್ತಿತ್ತ ಆಡುವಂಥದ್ದು. ಅದಕ್ಕೆ ನಾನೇ ಹಾಯಿ ಕಟ್ಟಿದ್ದೇನೆ. ಸುಮಾರು 3 ಚದರ ಮೀಟರ್ ಇದೆ. ಬೂಮ್ (ಹಾಯಿಯ ಕೆಳ ಅಂಚಿನ ಅಡ್ಡಗಂಬ) ಇಲ್ಲ, ಮಾಸ್ಟ್ (ಹಾಯಿಕಂಬ) ತಿರುಗಿಸಿದರೆ ಅದಕ್ಕೇ ಸುತ್ತಿಕೊಳ್ಳುತ್ತದೆ. ಎರಡೂ ಬದಿಗೆ ಪಿವಿಸಿ ಪೈಪಿನ ತೇಲುಗಳಿವೆ. ದೋಣಿ ಅಡ್ಡಕ್ಕೆ ಜಾರಬಾರದು ಅಂತ ಮುಂದಿನ ಅಡ್ಡಪಟ್ಟಿಗೆ ಪ್ಲೈವುಡ್ಡಿನ ಲೀಬೋರ್ಡ್ ಇಳಿಬಿಟ್ಟಿದ್ದೇನೆ.

ಬೆಳಿಗ್ಗೆ ವರುಣಾ ಕೆರೆಯಲ್ಲಿ ಎಲ್ಲ ಚೆನ್ನಾಗಿರುತ್ತದೆ. (ಅನುಮತಿ ತಗೊಂಡೇ ಇಳಿಯೋದು, ಆ ಚರ್ಚೆ ಇಲ್ಲಿ ಬೇಡ.) ಮಧ್ಯಾಹ್ನ ಪಡುವಣ ಗಾಳಿ ಎದ್ದು ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಾಣಿಸಿತೋ, ಕಥೆ ಮುಗೀತು. ಸಂಜೆ ಕೊಟ್ಟಿಗೆ ಕಡೆ ಎಳೆಯುವ ಎತ್ತಿನ ಹಾಗೆ ದೋಣಿ ಗಾಳಿಯ ಕಡೆಗೇ ಎಳೆಯುತ್ತದೆ. ರಡ್ಡರ್ ಹಿಡಿಯನ್ನು ಎರಡೂ ಕೈಯಲ್ಲಿ ತಡೆದು ಹಿಡಿಯಬೇಕು. ಮನೆಗೆ ಬಂದು ಕಾಫಿ ಲೋಟ ಎತ್ತುವಾಗ ಮಣಿಕಟ್ಟು ನಡುಗುತ್ತದೆ.

ಮೂತಿ ನೀರಿಗೆ ಕಚ್ಚಿಕೊಳ್ಳಲಿ ಅಂತ 10 ಲೀಟರ್ ನೀರಿನ ಕ್ಯಾನನ್ನು ಮುಂದೆ ಇಟ್ಟು ನೋಡಿದೆ. ಹಾಯಿ ಹಗ್ಗವನ್ನು ಇನ್ನೂ ಬಿಗಿಯಾಗಿ ಎಳೆದು ನೋಡಿದೆ. ಎರಡರಿಂದಲೂ ಜಾಸ್ತಿಯೇ ಆದ ಹಾಗಿದೆ. ದೋಣಿ ಹೀಗೆ ಗಾಳಿಯ ಕಡೆಗೇ ತಿರುಗೋದಕ್ಕೆ ವೆದರ್ ಹೆಲ್ಮ್ ಅನ್ನುತ್ತಾರೆ ಅಂತ ಗೊತ್ತು. ಏನು ಮಾಡಬೇಕು ಅಂತ ಗೊತ್ತಿಲ್ಲ.

ಬೆಲ್ಲದಚ್ಚು, ಮಂಡ್ಯ:

ಕಯಾಕ್ ರಡ್ಡರ್ ಹುಟ್ಟು ಹಾಕುವವರಿಗೆ ಅಂತ ಮಾಡಿರೋದು. ಹಾಯಿಗೆ ಸಾಲದು. ಅಲ್ಯೂಮಿನಿಯಂ ತಗಡಲ್ಲಿ ದೊಡ್ಡದು ಮಾಡಿಸಿ ಹಾಕಿ, ಸರಿಹೋಗುತ್ತದೆ.

ಹರಿಗೋಲು, ಶ್ರೀರಂಗಪಟ್ಟಣ:

ಒಂದು ನಿಮಿಷ. ಈಗಲೇ ತಗಡಿಗೆ ದುಡ್ಡು ಹಾಕಬೇಡಿ. ದೊಡ್ಡ ರಡ್ಡರ್ ಹಾಕಿದರೆ ಕಾಯಿಲೆ ಹಾಗೇ ಇರುತ್ತದೆ, ನೋವಿನ ಮಾತ್ರೆ ಮಾತ್ರ ದೊಡ್ಡದಾಗುತ್ತದೆ. ರಡ್ಡರ್ ಜಾಸ್ತಿ ಓರೆ ನಿಂತಷ್ಟೂ ನೀರಲ್ಲಿ ಬ್ರೇಕ್ ಹಿಡಿದ ಹಾಗೆ.

ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ತೊಂದರೆ ಕಲೆತಿವೆ ಅನ್ನಿಸುತ್ತದೆ. ಕೈಗೆ ಭಾರ ಆಗೋದು ಒಂದು, ದೋಣಿ ತಿರುಗೋದು ಇನ್ನೊಂದು. ಗಾಳಿ ಒಂದೇ ಸಮ ಇರುವಾಗ ನೇರ ಹೋಗುತ್ತಾ ರಡ್ಡರ್ ಹಿಡಿ ಎಷ್ಟು ಓರೆ ನಿಂತಿದೆ ನೋಡಿ. ನಾಲ್ಕೈದು ಡಿಗ್ರಿಯೊಳಗೆ ನಿಂತೂ ಕೈಗೆ ಭಾರ ಅನ್ನಿಸಿದರೆ ತಪ್ಪು ರಡ್ಡರಿನದು. ಅದಕ್ಕಿಂತ ತುಂಬಾ ಓರೆ ಹಿಡಿದರೇ ದೋಣಿ ನೇರ ಹೋಗುತ್ತಿದ್ದರೆ, ಕೈ ಬಿಟ್ಟ ತಕ್ಷಣ ಮೂತಿ ಗಾಳಿಗೆ ಹಾರಿದರೆ, ಅದು ಅಸಲಿ ವೆದರ್ ಹೆಲ್ಮ್.

ಮೊದಲು ರಡ್ಡರ್ ಪೂರ್ತಿ ಕೆಳಗಿಳಿದಿದೆಯಾ ನೋಡಿ. ಕೂತಲ್ಲಿಂದ ಕಾಣೋದಿಲ್ಲ. ಸೊಂಟದ ಮಟ್ಟದ ನೀರಲ್ಲಿ ಒಬ್ಬರನ್ನು ನಿಲ್ಲಿಸಿ, ಕಯಾಕ್ ಎಳೆಸಿ ನೋಡಿಸಿ. ಅಲಗು ನೆಟ್ಟಗೆ ನಿಂತರೆ ನೀರಿನ ಒತ್ತಡ ಕೀಲಿನ ಹತ್ತಿರವೇ ಬೀಳುತ್ತದೆ. ಹಿಂದಕ್ಕೆ ಮಲಗಿದರೆ ಒತ್ತಡವೂ ಕೀಲಿನಿಂದ ಹಿಂದೆ ಸರಿಯುತ್ತದೆ, ಕೈಗೆ ಭಾರ ಆಗುತ್ತದೆ. ಗಾಳಿಗೆ ಬಡಿದುಕೊಳ್ಳುವ ಬಾಗಿಲನ್ನು ಕೀಲಿನ ಹತ್ತಿರ ಹಿಡಿದು ನಿಲ್ಲಿಸಿ ನೋಡಿ, ಆಗ ಗೊತ್ತಾಗುತ್ತದೆ.

ಕೆರೆದಂಡೆ, ಮೈಸೂರು:

ಹರಿಗೋಲು ಅವರೇ, ನೀವು ಹೇಳಿದ್ದೇ ಸರಿ. ಭಾನುವಾರ ಬಾಮೈದನನ್ನು ನೀರಲ್ಲಿ ನಿಲ್ಲಿಸಿದೆ. ಅಲಗು ಕಡಿಮೆ ಅಂದರೂ 30 ಡಿಗ್ರಿ ಹಿಂದಕ್ಕೆ ಮಲಗಿತ್ತು. ಕೆಳಗೆ ಎಳೆದು ಹಿಡಿಯುವ ನೈಲಾನ್ ದಾರ ಹಿಗ್ಗಿ, ಕ್ಲೀಟಿನಲ್ಲಿ (ದಾರ ಕಚ್ಚಿ ಹಿಡಿಯುವ ಕೊಂಡಿ) ಅರ್ಧ ಇಂಚು ಜಾರಿದೆ. ಕೀಲಿನ ಸಂದಿಯಲ್ಲಿ ಕೆರೆಯ ಪಾಚಿ ಎಳೆ ಬೇರೆ ಗಟ್ಟಿಯಾಗಿ ಸುತ್ತಿಕೊಂಡಿತ್ತು, ಚಾಕುವಲ್ಲಿ ಕೊಯ್ದು ತೆಗೆದೆ. ಹಿಗ್ಗದ ಪಾಲಿಯೆಸ್ಟರ್ ದಾರ ಹಾಕಿದೆ.

ಈಗ ಒಂದೇ ಕೈಯಲ್ಲಿ ಹಿಡಿಯಬಹುದು, ಅಷ್ಟು ಹಗುರ. ಆದರೆ ಗಾಳಿ ಜೋರಾದಾಗ ಮೂತಿ ತಿರುಗೋದು ನಿಂತಿಲ್ಲ. ಹಿಡಿ ತುಂಬಾ ಓರೆ ಬೇಕು. ಅಂದ್ರೆ ಎರಡೂ ಕಾಯಿಲೆ ಇದೆ, ಅಲ್ವಾ?

ತೊಣ್ಣೂರು ಗಾಳಿ, ಪಾಂಡವಪುರ:

ಇದೆ. ಮೊದಲನೇ ಪೋಸ್ಟಲ್ಲೇ ಕಾರಣ ಬರೆದಿದ್ದೀರಿ, ನಿಮಗೇ ಗೊತ್ತಾಗಿಲ್ಲ. ಲೀಬೋರ್ಡ್ ಮುಂದೆ, ಕ್ಯಾನ್ ಮುಂದೆ, ಹಗ್ಗ ಬಿಗಿ.

ನೀರೊಳಗೆ ದೋಣಿಯನ್ನು ಅಡ್ಡಕ್ಕೆ ಜಾರದಂತೆ ಹಿಡಿಯುವ ಒಂದು ಜಾಗ ಇರುತ್ತದೆ. ಅದನ್ನು ಗೂಟ ಅಂದುಕೊಳ್ಳಿ. ಗಾಳಿ ಹಾಯಿಯನ್ನು ಒಟ್ಟಾರೆ ತಳ್ಳುವ ಜಾಗ ಇನ್ನೊಂದು. ತಳ್ಳುವ ಜಾಗ ಗೂಟಕ್ಕಿಂತ ಹಿಂದಿದ್ದರೆ ಬಾಲ ಗಾಳಿ ಹೋದ ಕಡೆ ಹೋಗುತ್ತದೆ, ಮೂತಿ ಗಾಳಿ ಬಂದ ಕಡೆ ತಿರುಗುತ್ತದೆ. ಪರಿಹಾರ ಅಂದ್ರೆ ಗೂಟವನ್ನು ಹಿಂದಕ್ಕೆ ತರಬೇಕು, ಇಲ್ಲವೇ ತಳ್ಳುವ ಜಾಗವನ್ನು ಮುಂದಕ್ಕೆ ತರಬೇಕು. ಮೂತಿಯಲ್ಲಿ ಭಾರ ಇಟ್ಟು ಅದನ್ನು ಆಳಕ್ಕಿಳಿಸಿದಿರಿ, ಗೂಟ ಮುಂದೆ ಹೋಯಿತು. ಹಗ್ಗ ಬಿಗಿ ಮಾಡಿದಿರಿ, ಹಾಯಿಯ ಹಿಂದಿನ ಅಂಚು ಜಾಸ್ತಿ ಕೆಲಸ ಮಾಡಿತು, ದೋಣಿಯೂ ಜಾಸ್ತಿ ವಾಲಿತು. ವಾಲಿದಾಗ ಹಾಯಿ ದೋಣಿಯಿಂದ ಹೊರಗೆ ಹೋಗಿ ಒಂದು ಪಕ್ಕದಿಂದ ಎಳೆಯುತ್ತದೆ. ಅದೂ ಗಾಳಿಯ ಕಡೆಗೇ ತಿರುಗಿಸುತ್ತದೆ.

ಫಿನ್‌ಗಳನ್ನೂ ಮರೆಯಬೇಡಿ. ಹೋಬಿ ಕಂಪನಿಯವರು 1997ರಲ್ಲಿ ತಂದ ಮಿರಾಜ್ ಡ್ರೈವ್ ಅನ್ನೋ ಪೆಡಲ್ ಸಾಧನ ಇದೇ ಬಗೆಯದು. ಎರಡು ಪೆಡಲ್ ಸಮ ಇಟ್ಟರೆ ಫಿನ್ ನೆಟ್ಟಗೆ ಕೆಳಕ್ಕೆ ನಿಂತು ಲೀಬೋರ್ಡಿನ ಕೆಲಸವನ್ನೇ ಮಾಡುತ್ತವೆ. ಒಂದು ಪೆಡಲನ್ನು ಪೂರ್ತಿ ಮುಂದಕ್ಕೆ ಒತ್ತಿದರೆ ದೋಣಿಯ ಹೊಟ್ಟೆಗೆ ಅಂಟಿಕೊಳ್ಳುತ್ತವೆ. ಸೀಟಿನ ಮುಂದೆ ಫಿನ್, ಅದರ ಮುಂದೆ ಲೀಬೋರ್ಡ್. ಎರಡು ಗೂಟವನ್ನೂ ಮುಂದೆಯೇ ನೆಟ್ಟಿದ್ದೀರಿ!

ದುಡ್ಡಿಲ್ಲದೆ ಆಗುವ ಕೆಲಸ ಮೊದಲು ಮಾಡಿ. ಕ್ಯಾನನ್ನು ಸೀಟಿನ ಹಿಂದಕ್ಕೆ ಹಾಕಿ. ಲೀಬೋರ್ಡ್ ಒಂದೇ ಬೋಲ್ಟಿನಲ್ಲಿ ತೂಗುತ್ತಿದ್ದರೆ ಬಿಚ್ಚೋದೂ ಬೇಡ, ಬೋಲ್ಟ್ ಸಡಿಲಿಸಿ ಕೆಳತುದಿಯನ್ನು ಹಿಂದಕ್ಕೆ ಓರೆ ಮಾಡಿ ದಾರದಲ್ಲಿ ಕಟ್ಟಿ. ತುದಿ ಒಂದು ಗೇಣು ಹಿಂದೆ ಹೋದರೂ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ಗಾಳಿಯ ಹೊಡೆತ ಬಂದಾಗ ಹಗ್ಗ ಬಿಡಿ, ಎಳೆಯಬೇಡಿ. ತೊಣ್ಣೂರು ಕೆರೆಯಲ್ಲಿ ಬೆಟ್ಟದ ಸಂದಿಯಿಂದ ಗಾಳಿ ಹೇಳದೆ ಕೇಳದೆ ಬಂದು ಬೀಳುತ್ತದೆ. ಅಲ್ಲಿ ಹಗ್ಗವನ್ನು ಕ್ಲೀಟಿಗೆ ಹಾಕಿ ಕೂತವನು ಒದ್ದೆಯಾಗೇ ಮನೆಗೆ ಹೋಗೋದು. ನಾನೂ ಹೋಗಿದ್ದೇನೆ.

ಅದಕ್ಕೂ ಬಗ್ಗದಿದ್ದರೆ ಹಾಯಿಯನ್ನು ಮಾಸ್ಟಿಗೆ ಎರಡು ಸುತ್ತು ಸುತ್ತಿ. ಸುತ್ತಿದಾಗ ಹಿಂದಿನ ಅಂಚು ಮುಂದಕ್ಕೆ ಬರುತ್ತದೆ, ಹಾಯಿ ಚಿಕ್ಕದೂ ಆಗುತ್ತದೆ. ಎರಡೂ ಲಾಭವೇ. ಮಾಸ್ಟ್ ಹಿಂದಕ್ಕೆ ವಾಲಿದೆಯಾ ಅಂತಲೂ ನೋಡಿ.

ಪೂರ್ತಿ ಸೊನ್ನೆ ಮಾಡೋಕೆ ಹೋಗಬೇಡಿ. ಕೈ ಬಿಟ್ಟರೆ ದೋಣಿ ನಿಧಾನಕ್ಕೆ ಗಾಳಿಗೆ ಮೂತಿ ಕೊಟ್ಟು ನಿಲ್ಲಬೇಕು. ನೀವು ನೀರಿಗೆ ಬಿದ್ದರೂ ಅದು ನಿಮ್ಮನ್ನು ಬಿಟ್ಟು ಆಚೆ ದಡಕ್ಕೆ ಓಡಿಹೋಗಬಾರದು.

ಬೆಲ್ಲದಚ್ಚು, ಮಂಡ್ಯ:

ಸರಿ ಸರಿ, ತಗಡಿನ ಮಾತು ವಾಪಸ್ ತಗೊಂಡೆ. ಆದರೆ ಒಂದು ಹೇಳ್ತೀನಿ, ಗಾಳಿಯ ಹೊಡೆತದಲ್ಲಿ ಮೆಲ್ಲಗೆ ಪೆಡಲ್ ತುಳಿಯುತ್ತಿದ್ದರೆ ನನಗೆ ರಡ್ಡರ್ ಚೆನ್ನಾಗಿ ಹಿಡಿಯುತ್ತದೆ. ಅದು ಭ್ರಮೆಯಾ?

ತೊಣ್ಣೂರು ಗಾಳಿ, ಪಾಂಡವಪುರ:

ಭ್ರಮೆ ಅಲ್ಲ. ರಡ್ಡರ್ ಮೇಲೆ ನೀರು ವೇಗವಾಗಿ ಹರಿದಷ್ಟೂ ಹಿಡಿತ ಜಾಸ್ತಿ. ಮೂತಿಯನ್ನು ಗಾಳಿಗೆ ಎದುರಾಗಿ ದಾಟಿಸಿ ಇನ್ನೊಂದು ಬದಿಗೆ ತಿರುಗುವಾಗಂತೂ ನಾಲ್ಕು ತುಳಿತ ತುಳಿದೇಬಿಡಿ. ಬರೀ ಹಾಯಿ ನಂಬಿದರೆ ನಡುವಲ್ಲೇ ನಿಂತುಬಿಡುತ್ತದೆ.

ಕೆರೆದಂಡೆ, ಮೈಸೂರು:

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಕ್ಯಾನ್ ಹಿಂದಕ್ಕೆ ಹೋಯಿತು. ಲೀಬೋರ್ಡ್ ತುದಿಯನ್ನು ಒಂದು ಗೇಣು ಹಿಂದಕ್ಕೆ ಕಟ್ಟಿದೆ. ಅರ್ಧ ಕಾಯಿಲೆ ಅಲ್ಲೇ ವಾಸಿ.

ಇನ್ನರ್ಧ ಮಾಸ್ಟಿನಲ್ಲಿತ್ತು. ಡೆಕ್ಕಿನ ತೂತು ಸವೆದು ಅಗಲ ಆಗಿದೆ. ಗಾಳಿ ಬಂದಾಗ ಮಾಸ್ಟ್ ಹಿಂದಕ್ಕೆ ವಾಲುತ್ತಿತ್ತು. ಹಳೇ ಹವಾಯಿ ಚಪ್ಪಲಿ ಅಟ್ಟೆಯಿಂದ ಎರಡು ಬೆರಳಗಲದ ಎರಡು ತುಂಡು ಕೊಯ್ದೆ. ಒಂದನ್ನು ಡೆಕ್ಕಿನ ತೂತಲ್ಲಿ ಮಾಸ್ಟಿನ ಹಿಂಬದಿಗೆ, ಇನ್ನೊಂದನ್ನು ತಳದ ಗುಂಡಿಯಲ್ಲಿ ಮುಂಬದಿಗೆ ಬಡಿದು ಕೂರಿಸಿದೆ. ಮೊದಲ ಸಲ ತಳದ್ದನ್ನೂ ಹಿಂಬದಿಗೇ ಹಾಕಿ, ಮಾಸ್ಟ್ ಯಾಕೆ ಓರೆ ಬದಲಾಗಲಿಲ್ಲ ಅಂತ ಹತ್ತು ನಿಮಿಷ ತಲೆ ಕೆರೆದುಕೊಂಡಿದ್ದೆ. ಈಗ ಮಾಸ್ಟಿನ ತುದಿ ಅಂಗೈ ಅಗಲದಷ್ಟು ಮುಂದೆ ನಿಂತಿದೆ. ಮೊನ್ನೆ ನೊರೆ ಏಳುವ ಗಾಳಿಯಲ್ಲೂ ಎರಡು ಬೆರಳಲ್ಲಿ ಹಿಡಿ ನಿಂತಿತು.

ಒಂದೇ ಉಳಿದಿದೆ. ಗಾಳಿ ಬೆನ್ನಿಗೆ ಬಿದ್ದಾಗ ಈಗಲೂ ಪಕ್ಕಕ್ಕೆ ತಿರುಗೋಕೆ ನೋಡುತ್ತದೆ.

ಹರಿಗೋಲು, ಶ್ರೀರಂಗಪಟ್ಟಣ:

ಅಲ್ಲಿ ಹಾಯಿ ಪೂರ್ತಿ ಒಂದು ಬದಿಗೆ ಚಾಚಿರುತ್ತದೆ. ಒಂದೇ ಎತ್ತು ಕಟ್ಟಿದ ಜೋಡೆತ್ತಿನ ಗಾಡಿ ಓರೆ ಹೋಗುತ್ತದಲ್ಲ, ಅದೇ ಲೆಕ್ಕ. ಅಲೆ ಬೇರೆ ಬಾಲ ಎತ್ತಿ ಮೂತಿ ಮುಳುಗಿಸುತ್ತದೆ. ಆಗ ಲೀಬೋರ್ಡ್ ಮೇಲಕ್ಕೆತ್ತಿ, ಫಿನ್‌ಗಳನ್ನು ಹೊಟ್ಟೆಗೆ ಅಂಟಿಸಿ, ನೀವು ಸೀಟಲ್ಲಿ ಹಿಂದಕ್ಕೆ ಒರಗಿ ಕೂರಿ. ರಡ್ಡರ್ ಮಾತ್ರ ಪೂರ್ತಿ ಕೆಳಗೇ ಇರಲಿ. ನೊರೆ ಜಾಸ್ತಿ ಇದ್ದರೆ, ಗಾಳಿಗೆ ಬೆನ್ನು ಕೊಡೋದಕ್ಕೆ ಮೊದಲೇ ಹಾಯಿಯನ್ನು ಅರ್ಧ ಸುತ್ತಿಕೊಳ್ಳಿ. ಬೆನ್ನ ಗಾಳಿಯಲ್ಲಿ ಸುತ್ತೋಕೆ ಹೋದರೆ ಹಾಯಿ ಒತ್ತಡದಲ್ಲಿರುತ್ತದೆ, ಮಾಸ್ಟ್ ತಿರುಗೋದೇ ಇಲ್ಲ.