ಮಾವ ಹಾಕಿದ ಫಾರ್ವರ್ಡ್: ಆಂಗಸ್ ಮೆಕ್‌ಮಿಲನ್

ಮಾವ: ‘ಸ್ಕಾಟ್ಲೆಂಡಿನ ಸ್ಕೈ ದ್ವೀಪದಿಂದ 1838ರಲ್ಲಿ ಆಸ್ಟ್ರೇಲಿಯಾಕ್ಕೆ ಬಂದು, ದನ ಮೇಯಿಸಲು ಹೊಸ ಹುಲ್ಲುಗಾವಲು ಹುಡುಕುತ್ತಾ ಈಗಿನ ವಿಕ್ಟೋರಿಯಾ ರಾಜ್ಯದ ಗಿಪ್ಸ್‌ಲ್ಯಾಂಡ್ ಪ್ರದೇಶ ಕಂಡುಹಿಡಿದು, ಶಾಸಕನೂ ಆದ ಆಂಗಸ್ ಮೆಕ್‌ಮಿಲನ್.’ ಮೆಲ್ಬರ್ನ್‌ನಲ್ಲಿರುವವರು ಓದಲೇಬೇಕು.

ನಾನು: ಓದಿದೆ ಮಾವ. ಇದರಲ್ಲಿ 1843 ಯಾಕಿಲ್ಲ? ಆ ವರ್ಷ ರೊನಾಲ್ಡ್ ಮೆಕ್‌ಅಲಿಸ್ಟರ್ ಎಂಬ ಬಿಳಿಯನನ್ನು ಅಲ್ಲಿನ ಮೂಲನಿವಾಸಿಗಳಾದ ಗುನೈಕುರ್ನೈ ಜನ ಕೊಂದರು. ಅದಕ್ಕೆ ಸೇಡು ಅಂತ ಸ್ಕಾಟಿಷ್ ಸವಾರರ ಒಂದು ಗುಂಪು ವಾರಿಗಲ್ ಕ್ರೀಕ್ ಎಂಬ ಹಳ್ಳದ ಹತ್ತಿರ ಬೀಡುಬಿಟ್ಟಿದ್ದವರನ್ನು ಸುತ್ತುವರಿದು ಗುಂಡು ಹಾರಿಸಿತು. ಸತ್ತವರು 60 ಅನ್ನುವವರಿದ್ದಾರೆ, 150 ಅನ್ನುವವರೂ ಇದ್ದಾರೆ. ಗುಂಪಿನ ಮುಂದಾಳು ಮೆಕ್‌ಮಿಲನ್ ಅಂತ ಇತಿಹಾಸಕಾರರು ಬರೆದಿದ್ದಾರೆ.

ಅಣ್ಣ: ಆ ಕಾಲವೇ ಹಾಗಿತ್ತು. ಇವತ್ತಿನ ಅಳತೆಗೋಲು ಹಿಡಿದು ಅಳೆಯೋದು ಸರಿಯಲ್ಲ.

ನಾನು: ಆ ಕಾಲದ ಅಳತೆಗೋಲನ್ನೇ ಹಿಡಿಯೋಣ. ಇವನು ಬಂದಿಳಿದ 1838ರಲ್ಲೇ ಮಯಾಲ್ ಕ್ರೀಕ್‌ನಲ್ಲಿ ಸುಮಾರು 28 ಮೂಲನಿವಾಸಿಗಳನ್ನು ಕೊಂದಿದ್ದಕ್ಕೆ ಸಿಡ್ನಿಯಲ್ಲಿ 7 ಜನರನ್ನು ಗಲ್ಲಿಗೇರಿಸಿದರು. ಅದು ಕೊಲೆ ಅಂತ ಎಲ್ಲರಿಗೂ ಗೊತ್ತಿತ್ತು.

ದೊಡ್ಡಮ್ಮ: ಮತ್ತೆ ಇವನ ಮೇಲೆ ಕೇಸ್ ಆಗಲಿಲ್ವಾ?

ನಾನು: ಇಲ್ಲ ದೊಡ್ಡಮ್ಮ, ಯಾರ ಮೇಲೂ ಆಗಲಿಲ್ಲ. ಗಲ್ಲಿನ ಸುದ್ದಿ ಕೇಳಿದ್ದ ಜಮೀನುದಾರರು ಬಾಯಿ ಮುಚ್ಚಿಕೊಳ್ಳುವುದನ್ನು ಕಲಿತುಬಿಟ್ಟಿದ್ದರು. ಏವನ್ ನದಿ ದಂಡೆಯ ಬುಶಿ ಪಾರ್ಕ್ ಎಂಬ ತನ್ನ ಜಮೀನಿನಲ್ಲಿ ಇವನ ದನಕರು ಬೆಳೆದವು. 1859ರಲ್ಲಿ ಸೌತ್ ಗಿಪ್ಸ್‌ಲ್ಯಾಂಡ್‌ನಿಂದ ವಿಕ್ಟೋರಿಯಾ ವಿಧಾನಸಭೆಗೆ ಗೆದ್ದ, ಮರುವರ್ಷವೇ ರಾಜೀನಾಮೆ ಕೊಟ್ಟ.

ಮಾವ: ಆಮೇಲೆ ಅದೇ ಜನರಿಗೆ ಸಹಾಯ ಮಾಡಿದನಂತಲ್ಲ. ಅದನ್ನೂ ಹೇಳು.

ನಾನು: ಹೇಳ್ತೀನಿ. ಮೂಲನಿವಾಸಿಗಳ ಸಂರಕ್ಷಣಾ ಮಂಡಳಿಗೆ ಸ್ಥಳೀಯ ಪ್ರತಿನಿಧಿಯಾಗಿದ್ದ. ಸಾಯುವಾಗ, 1865ರಲ್ಲಿ, ಕೈಯಲ್ಲಿ ಹೆಚ್ಚು ಹಣವೂ ಇರಲಿಲ್ಲ. ಅದೆಲ್ಲ ನಿಜ. ಆದರೆ ನೆಲ ಕಳೆದುಕೊಂಡು ಉಳಿದವರಿಗೆ ಕಂಬಳಿ, ಹಿಟ್ಟು ಹಂಚಿದರೆ ವಾರಿಗಲ್ ಕ್ರೀಕ್ ಅಳಿಸಿಹೋಗುತ್ತಾ? ‘ಕಂಡುಹಿಡಿದ’ ಅನ್ನೋ ಮಾತಂತೂ ಬೇಡವೇ ಬೇಡ. ಬೆಟ್ಟ ದಾಟುವಾಗ ಅವನಿಗೆ ದಾರಿ ತೋರಿಸಿದವರೇ ಮೂಲನಿವಾಸಿಗಳು.

ಅಣ್ಣ: ಸರಿ, ಹಾಗಂತ ಅವನ ಹೆಸರನ್ನೇ ಕಿತ್ತುಹಾಕಬೇಕಾ?

ನಾನು: ಒಂದು ಕಡೆ ಆಗಲೇ ತೆಗೆದಿದ್ದಾರೆ. ಮೆಕ್‌ಮಿಲನ್ ಅಂತಿದ್ದ ಸಂಸತ್ ಕ್ಷೇತ್ರಕ್ಕೆ 2019ರ ಚುನಾವಣೆಯಿಂದ ಮೊನಾಶ್ ಅಂತ ಹೆಸರು. ಆದರೆ ಅವನು ನಡೆದ ದಾರಿಯುದ್ದಕ್ಕೂ 1920ರ ದಶಕದಲ್ಲಿ ಕಟ್ಟಿದ ಕಲ್ಲಿನ ಸ್ತಂಭಗಳಿವೆ. ಊರಾಚೆ ರಸ್ತೆ ಬದಿಯಲ್ಲಿ ಕಲ್ಲು ಪೇರಿಸಿ, ಮಧ್ಯೆ ಫಲಕ ಕೂರಿಸಿರುತ್ತಾರೆ. ಕಾರಿನಲ್ಲಿ ಹೋಗುವವರು ನಿಂತು ಅದನ್ನೇ ಇತಿಹಾಸ ಅಂತ ಓದಿಕೊಂಡು ಹೋಗುತ್ತಾರೆ. ಅವನ್ನು ತೆಗೆಯಬೇಕು ಅಂತ 2020ರಲ್ಲಿ ಅಲ್ಲಿನ ಕೌನ್ಸಿಲ್ ಮುಂದೆ ಬಂದ ಮಾತು ಬಿದ್ದುಹೋಯಿತು.

ಅಣ್ಣ: ಕಲ್ಲು ಇರಲಿ, ಪಕ್ಕದಲ್ಲಿ ಇನ್ನೊಂದು ಫಲಕ ಹಾಕಲಿ. ಒಡೆದರೆ ಆ ಕಥೆ ಕೇಳುವವರೇ ಇರಲ್ಲ.

ನಾನು: ಫಲಕ ಹಾಕೋದಾದರೆ ಅದರಲ್ಲಿ ಏನಿರಬೇಕು ಅಂತ ಗುನೈಕುರ್ನೈ ಜನರೇ ಹೇಳಲಿ. ಆ ನೆಲದ ಮೇಲೆ ಅವರ ಹಕ್ಕನ್ನು ಫೆಡರಲ್ ಕೋರ್ಟೇ 2010ರಲ್ಲಿ ಒಪ್ಪಿದೆ. ಮಾವ, ಈ ಫಾರ್ವರ್ಡ್ ಬೇರೆ ಗುಂಪುಗಳಿಗೂ ಹೋಗಿದೆಯಾ? ಹೋಗಿದ್ದರೆ 1843ರ ವಿಷಯವನ್ನೂ ಅಲ್ಲಿಗೆ ಕಳಿಸಿ.

ಮಾವ: ಮೂರು ಗುಂಪಿಗೆ ಹಾಕಿದ್ದೆ. ಕಳಿಸ್ತೀನಿ. ಆದರೆ ಶಾಸಕನಾಗಿದ್ದನ್ನು ತೆಗೆಯಲ್ಲ.

ನಾನು: ತೆಗೆಯಬೇಡಿ. ಎರಡೂ ಒಟ್ಟಿಗೇ ಇರಲಿ.