ಟೊಮೆಟೊ ಲೋಡ್‌ಗೆ ಪಿಕಪ್ ಹಿಂದೆ ಕೂರುತ್ತಿದೆ, ಎಕ್ಸ್‌ಟ್ರಾ ಪ್ಲೇಟ್ ಹಾಕಿಸಲಾ?

ಮುಳಬಾಗಿಲು ಪಿಕಪ್:
ಎಲ್ಲರಿಗೂ ನಮಸ್ಕಾರ. ನನ್ನದು ಬೊಲೆರೊ ಪಿಕಪ್, 1.7 ಟನ್‌ದು. ಮುಳಬಾಗಿಲು ಕಡೆಯಿಂದ ಕೋಲಾರ ಎಪಿಎಂಸಿಗೆ ಟೊಮೆಟೊ ಹೊಡೆಯುತ್ತೇನೆ. ಸೀಸನ್‌ನಲ್ಲಿ 120 ಕ್ರೇಟ್ ಏರಿಸುತ್ತಾರೆ. ಆಗ ಹಿಂದೆ ಪೂರ್ತಿ ಕೂತುಬಿಡುತ್ತದೆ. ಹಂಪ್ ಬಂದರೆ ಆಕ್ಸಲ್ ಹೋಗಿ ಮೇಲಿನ ರಬ್ಬರ್‌ಗೆ ಧಡ್ ಅಂತ ಬಡಿಯುತ್ತದೆ. ರಾತ್ರಿ ಡಿಮ್‌ನಲ್ಲಿ ಹೋದರೂ ಎದುರಿನವರು ಲೈಟ್ ಹೊಡೆಯುತ್ತಾರೆ. ಸ್ಟೇರಿಂಗ್ ಬೇರೆ ಹಗುರ. ಗ್ಯಾರೇಜಿನವರು ಹಿಂದಿನ ಸ್ಪ್ರಿಂಗ್ ಸೆಟ್‌ಗೆ ಎರಡೂ ಕಡೆ ಎರಡೆರಡು ಪ್ಲೇಟ್, ಅಂದರೆ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿ, ಹಾಕಿಸು ಅಂತಾರೆ. ಆಕ್ಸಲ್‌ಗೂ ಚಾಸಿಗೂ ನಡುವೆ ಗಾಳಿ ತುಂಬಿಸಿ ಕೂರಿಸುವ ಏರ್ ಬ್ಯಾಗ್ ಒಳ್ಳೆಯದು ಅಂತ ಇನ್ನೊಬ್ಬರು. ಯಾವುದು ಮಾಡಿಸಲಿ?

ಮಾವಿನ ಗಾಡಿ:
ಶ್ರೀನಿವಾಸಪುರದಿಂದ ಮಾವು ಸಾಗಿಸುವ ನನ್ನ ಗಾಡಿಗೆ ಎರಡೆರಡು ಹಾಕಿಸಿದ್ದೇನೆ ಬ್ರದರ್. ಲೋಡ್‌ನಲ್ಲಿ ಸೂಪರ್. ಖಾಲಿ ಬರುವಾಗ ಮಾತ್ರ ಎತ್ತಿ ಎತ್ತಿ ಹಾಕುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ.

ಪ್ಲೇಟ್ ಕೆಲಸದವನು:
ಅಣ್ಣ, ನಾನು ಮಾಡುವುದೇ ಈ ಕೆಲಸ. ಪ್ಲೇಟ್ ಮಾತು ಆಮೇಲೆ, ಮೊದಲು ತೂಕ ನೋಡಿ. ಕ್ರೇಟ್‌ಗೆ 15 ಕೆಜಿ ಹಣ್ಣು, 120ಕ್ಕೆ 1,800 ಕೆಜಿ. ಖಾಲಿ ಕ್ರೇಟಿನ ತೂಕ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡು ಕೆಜಿ ಅಂದುಕೊಂಡರೂ ಇನ್ನೂ 240 ಸೇರುತ್ತದೆ. ಎರಡು ಟನ್ ದಾಟಿತು ಅಲ್ವಾ? ನೂರು ಕ್ರೇಟ್‌ಗೇ ನಿಮ್ಮ 1,700 ಮುಗಿಯಿತು.

ಪ್ಲೇಟ್ ಹಾಕಿದರೆ ಗಾಡಿ ಎತ್ತರ ನಿಲ್ಲುತ್ತದೆ, ಅಷ್ಟೇ. ಆಕ್ಸಲ್, ವೀಲ್ ಬೇರಿಂಗ್, ಟೈರ್, ಬ್ರೇಕ್ ಎಲ್ಲ ಹಳೆಯವೇ. ಆರ್‌ಸಿಯಲ್ಲಿರುವ ತೂಕವೂ ಬದಲಾಗುವುದಿಲ್ಲ. ಕೂರುತ್ತಿಲ್ಲವಲ್ಲ ಅಂತ ತೋಟದವರು ಇನ್ನೂ ಇಪ್ಪತ್ತು ಕ್ರೇಟ್ ಏರಿಸುತ್ತಾರೆ. ನನಗೆ ಭಯ ಅದೇ.

ಈಗ ಒಂದು ಕೆಲಸ ಮಾಡಿ. ಖಾಲಿ ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರದ ನಡುವಿನಿಂದ ಬಾಡಿ ಅಂಚಿಗೆ ಎರಡೂ ಕಡೆ ಟೇಪ್ ಹಿಡಿಯಿರಿ. ಒಂದು ಕಡೆ ಕಮ್ಮಿ ಬಂದರೆ ಆ ಕಡೆ ಪ್ಲೇಟ್ ಸೋತಿದೆ ಅಥವಾ ಒಡೆದಿದೆ. ಪ್ಲೇಟ್ ಸೆಟ್ಟನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಹತ್ತಿರ ವೈರ್ ಬ್ರಷ್ ಹಾಕಿ ಮಣ್ಣು ತೆಗೆದು ನೋಡಿ. ಕೂದಲೆಳೆಯಷ್ಟು ಸಣ್ಣ ಗೆರೆ, ಅದರೊಳಗೆ ಕೆಂಪು ತುಕ್ಕು ಕಂಡರೆ ಅದು ಕ್ರ್ಯಾಕ್. ಪ್ಲೇಟ್ ತುದಿಯಲ್ಲಿರುವ ಬುಷ್ ಸವೆದು ಆಡುತ್ತಿದೆಯಾ ಅಂತ ಹಾರೆ ಕೊಟ್ಟು ಮೀಟಿ ನೋಡಿ.

ಏರ್ ಬ್ಯಾಗ್ ಖಾಲಿ ಇರುವಾಗ ಗಾಳಿ ಇಳಿಸಿಕೊಳ್ಳಬಹುದು, ಅದು ಅನುಕೂಲ. ಆದರೆ ಚಾಸಿಯ ಒಂದೇ ಜಾಗಕ್ಕೆ ಭಾರ ಬೀಳುತ್ತದೆ. ತೋಟದ ಕಲ್ಲುದಾರಿಗೆ ನಾನು ಹೇಳುವುದಿಲ್ಲ.

ಮುಳಬಾಗಿಲು ಪಿಕಪ್:
ನೀವು ಹೇಳಿದ ಹಾಗೆ ಟೇಪ್ ಹಿಡಿದೆ. ಎಡಗಡೆ ಒಂದಿಂಚು ಕಮ್ಮಿ. ಬ್ರಷ್ ಹಾಕಿದರೆ ಮೂರನೇ ಪ್ಲೇಟಿನಲ್ಲಿ ಗೆರೆ ಇದೆ. ಅದೊಂದನ್ನೇ ಬದಲಾಯಿಸಿದರೆ ಸಾಕಾ?

ಪ್ಲೇಟ್ ಕೆಲಸದವನು:
ಸಾಕಾಗುವುದಿಲ್ಲ. ಎರಡೂ ಕಡೆ ಸೆಟ್ ಬದಲಾಯಿಸಿ, ಇಲ್ಲದಿದ್ದರೆ ಗಾಡಿ ವಾಲುತ್ತದೆ. ಅಷ್ಟು ಮಾಡಿಸಿ ನೂರು ಕ್ರೇಟ್ ಹಾಕಿ ನೋಡಿ. ಆಗಲೂ ರಬ್ಬರ್‌ಗೆ ಬಡಿದರೆ ಎರಡೂ ಕಡೆ ಒಂದೊಂದು ಸೇರಿಸಿ, ಎರಡೆರಡು ಬೇಡ. ಅಗಲ, ಬಾಗು ಎರಡೂ ಸೆಟ್‌ಗೆ ಹೊಂದಬೇಕು. ಗುಜರಿಯ ನೆಟ್ಟಗಿನ ಪಟ್ಟಿ ತುರುಕಿದರೆ ಅದರ ತುದಿ ಮೇಲಿನ ಪ್ಲೇಟನ್ನು ಕಡಿದು ಕೊನೆಗೆ ಮೇನ್ ಪ್ಲೇಟೇ ಮುರಿಯುತ್ತದೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಾಗಿಸಿಕೊಡುತ್ತೇನೆ ಅಂದರೆ ಒಪ್ಪಬೇಡಿ, ಉಕ್ಕಿನ ಹದ ಹೋಗುತ್ತದೆ. ಯು-ಬೋಲ್ಟ್, ಸೆಂಟರ್ ಬೋಲ್ಟ್ ಹೊಸದೇ ಹಾಕಿಸಿ. ಮೊದಲ ಲೋಡ್ ಹೊಡೆದ ಮೇಲೆ ಯು-ಬೋಲ್ಟ್ ಮತ್ತೆ ಟೈಟ್ ಮಾಡಿಸಲೇಬೇಕು.

ಹೈವೇ ಡ್ರೈವರ್:
ಬ್ರೇಕ್ ಬಗ್ಗೆ ಒಂದು ಮಾತು. ಹಿಂದಿನ ಆಕ್ಸಲ್‌ನಿಂದ ಚಾಸಿಗೆ ಕಡ್ಡಿ ಇರುವ ವಾಲ್ವ್ ಇದ್ದರೆ ಅದನ್ನೂ ಸೆಟ್ ಮಾಡಿಸಿ. ಗಾಡಿ ಎತ್ತರ ಆದರೆ ಆ ವಾಲ್ವ್ ಖಾಲಿ ಗಾಡಿ ಅಂದುಕೊಂಡು ಹಿಂದಿನ ಬ್ರೇಕ್ ಕಮ್ಮಿ ಕೊಡುತ್ತದೆ. ಓವರ್‌ಲೋಡ್‌ಗೆ 2019ರ ತಿದ್ದುಪಡಿಯಲ್ಲಿ 20,000 ರೂಪಾಯಿ ದಂಡ, ಜೊತೆಗೆ ಹೆಚ್ಚಾದ ಪ್ರತಿ ಟನ್‌ಗೆ 2,000. 120 ಕ್ರೇಟ್ ಬೇಡ ಅಣ್ಣ.

ಪ್ಲೇಟ್ ಕೆಲಸದವನು:
ವಾಲ್ವ್ ಮಾತು ಸರಿ, ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಇನ್ನೊಂದು, ಮೇಲಿನ ಸಾಲು ಕಟ್ಟುವಾಗ ಕ್ಯಾಬಿನ್ ಕಡೆಯಿಂದ ಶುರು ಮಾಡಿಸಿ. ಹಿಂದಿನ ಡೋರ್ ಕಡೆ ಭಾರ ಜಾಸ್ತಿ ಬಿದ್ದರೆ ಮುಂದಿನ ಚಕ್ರ ಹಗುರ ಆಗಿ ಸ್ಟೇರಿಂಗ್ ಹಿಡಿತಕ್ಕೆ ಸಿಗುವುದಿಲ್ಲ.