ಅಪ್‌ಡೇಟ್: ಮೇಲ್ಮನವಿಯಲ್ಲಿ ಮಗು ಮತ್ತೆ ಸಾಕ್ಷಿ ಹೇಳಬೇಕೇ?

ಸೆಷನ್ಸ್ ಕೋರ್ಟಿನಲ್ಲಿ ಪೋಕ್ಸೋ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಅಡಿ ಶಿಕ್ಷೆಯಾದವನು ಹೈಕೋರ್ಟಿಗೆ ಹೋಗಿದ್ದಾನೆ, ನಮ್ಮ ಅಕ್ಕನ ಮಗಳು ಮತ್ತೆ ಕಟಕಟೆ ಹತ್ತಬೇಕಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೈಮುಗಿಯುತ್ತೇನೆ.

ವಕೀಲರನ್ನು ಕಂಡು ಬಂದೆ. ಸಾಮಾನ್ಯವಾಗಿ ಬೇಕಿಲ್ಲವಂತೆ. ಮೇಲ್ಮನವಿ ಎಂದರೆ ಮರುವಿಚಾರಣೆಯಲ್ಲ. ಕೆಳಗಿನ ಕೋರ್ಟಿನ ದಾಖಲೆ, ಹೇಳಿಕೆಗಳನ್ನೇ ನ್ಯಾಯಮೂರ್ತಿಗಳು ಮತ್ತೆ ತೂಗುತ್ತಾರೆ. ಹೆಚ್ಚುವರಿ ಸಾಕ್ಷ್ಯ ಪಡೆಯುವ ಅಧಿಕಾರವಿದೆ, ಆದರೆ ಅದು ಅಪರೂಪಕ್ಕೆ. ಅಕ್ಕ ಇದನ್ನು ಕೇಳಿ ಬಹಳ ದಿನಗಳ ನಂತರ ಸಮಾಧಾನವಾಗಿ ಊಟ ಮಾಡಿದಳು.

ನನ್ನ ಇನ್ನೊಂದು ಭಯ ತೀರ್ಪು ತಿರುಗುತ್ತದೇನೋ ಎಂಬುದು. ಅದಕ್ಕೆ ವಕೀಲರು ನಾಗಪುರದ ಪ್ರಕರಣ ಹೇಳಿದರು. ಬಟ್ಟೆಯ ಮೇಲಿಂದ ಮುಟ್ಟಿದರೆ ಪೋಕ್ಸೋದ ಲೈಂಗಿಕ ಹಲ್ಲೆಯಾಗದು, ಚರ್ಮಕ್ಕೆ ಚರ್ಮ ತಾಗಬೇಕು ಅಂತ 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಆರೋಪಿಯ ಮೇಲಿನ ಆ ಅಪರಾಧವನ್ನು ಕೈಬಿಟ್ಟಿತ್ತು. ಸಂತ್ರಸ್ತೆಗೆ ಆಗ 12 ವರ್ಷ. ಕೇಂದ್ರ ಸರ್ಕಾರದ ಮುಖ್ಯ ವಕೀಲರಾದ ಅಟಾರ್ನಿ ಜನರಲ್ ಸುಪ್ರೀಂ ಕೋರ್ಟಿಗೆ ಹೋದರು. ಅದೇ ವರ್ಷ ನವೆಂಬರ್ 18ರಂದು ಆ ತೀರ್ಪು ರದ್ದಾಗಿ, ಕೆಳಗಿನ ಕೋರ್ಟ್ ಕೊಟ್ಟಿದ್ದ ಮೂರು ವರ್ಷದ ಶಿಕ್ಷೆ ಮರಳಿ ಬಂತು. ಮುಖ್ಯವಾದದ್ದು ಲೈಂಗಿಕ ಉದ್ದೇಶ ಎಂದಿತು ಕೋರ್ಟ್. ಮೇಲ್ಮನವಿ ಎರಡೂ ಕಡೆ ತಿರುಗಬಹುದು ಎಂಬುದು ನನಗೆ ಅಲ್ಲೇ ಅರ್ಥವಾದದ್ದು.

ಮೇಲ್ಮನವಿ ಮುಗಿಯುವವರೆಗೆ ಶಿಕ್ಷೆ ತಡೆಹಿಡಿಯಿರಿ ಎಂಬ ಅವನ ಶಿಕ್ಷೆ ಅಮಾನತು ಅರ್ಜಿಯಲ್ಲಿ ನಮ್ಮ ಮಾತೂ ಕೇಳಿ ಅಂತ ವಕಾಲತ್ತು ಹಾಕಿಸಿದ್ದೇವೆ. ಸರ್ಕಾರಿ ವಕೀಲರಿಗೆ ಬೇಕಾದ ಕಾಗದ ಪತ್ರಗಳನ್ನೂ ಕೊಟ್ಟಿದ್ದೇವೆ. ಅಕ್ಕನ ಮಗಳು ಈಗ ಶಾಲೆಗೆ ಹೋಗುತ್ತಿದ್ದಾಳೆ. ಕೋರ್ಟಿನ ದಿನಾಂಕಗಳ ವಿಷಯ ಅವಳ ಮುಂದೆ ಎತ್ತುವುದಿಲ್ಲ.